ಹೆಸರಿಲ್ಲದ ಭಾವಚಿತ್ರಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ - ಈ ಮೂರು ತಾಲೂಕುಗಳಲ್ಲಿ ಹಂಚಿಹೋಗಿರುವ ನಾವು ಕೆಲವು ಗೆಳೆಯರಿಗೆ ಒಂದು ಹವ್ಯಾಸವಿದೆ. ಅದನ್ನು ಕೇಳಿದವರು ಮೊದಲು ನಗುತ್ತಾರೆ. ವರ್ಷಕ್ಕೊಮ್ಮೆ, ಅಡಿಕೆ ಕೊಯ್ಲು ಮುಗಿದು ಅಂಗಳಗಳು ಖಾಲಿಯಾದ ಮೇಲೆ, ನಾವು ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದ, ಎಂದರೆ 1837 ರಿಂದ 1901 ರ ನಡುವಿನ, ಯಾವುದಾದರೊಂದು ಹಳೆಯ ಭಾವಚಿತ್ರವನ್ನು ಆರಿಸಿಕೊಳ್ಳುತ್ತೇವೆ. ಅದರಲ್ಲಿದ್ದವರಂತೆಯೇ ವೇಷ ತೊಟ್ಟು, ಅವರಂತೆಯೇ ಕುಳಿತು, ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಹತ್ತು ಹನ್ನೆರಡು ವರ್ಷಗಳಿಂದ ಇದು ನಡೆದುಬಂದಿದೆ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಿದ್ದಾಪುರದ ಗೆಳೆಯನ ಮನೆಯಲ್ಲಿ ಅಜ್ಜನ ಕಾಲದ ತೋಳಿನ ಕುರ್ಚಿಯಿದೆ. ಶಿರಸಿಯ ಜಾತ್ರೆಗೆ ಬರುವ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಹಿರಿಯರೊಬ್ಬರು ನಮಗೆಂದು ಕಂಬ, ಮೆಟ್ಟಿಲು, ದೂರದ ಕೊಳವಿರುವ ಒಂದು ಪರದೆಯನ್ನು ಬರೆದುಕೊಟ್ಟಿದ್ದಾರೆ. ಕೋಟು, ಪೇಟ, ಶಾಲುಗಳು ಹಳೆಯ ಪೆಟ್ಟಿಗೆಗಳಿಂದ ಹೊರಬರುತ್ತವೆ. ಇಲ್ಲದ್ದನ್ನು ದರ್ಜಿಯೊಬ್ಬರು ಹೊಲಿದುಕೊಡುತ್ತಾರೆ. ಕ್ಯಾಮರಾ ಮಾತ್ರ ಇಂದಿನದು.

ಮೊದಲ ಕೆಲವು ವರ್ಷ ನಮಗೆ ಇದು ಬರೀ ಮೋಜಾಗಿತ್ತು. ಆಮೇಲೆ ಒಂದು ಪ್ರಶ್ನೆ ನಮ್ಮನ್ನು ಕಾಡತೊಡಗಿತು. ಹಳೆಯ ಚಿತ್ರಗಳಲ್ಲಿ ಕೆಲವರಿಗೆ ಹೆಸರಿದೆ, ಕೆಲವರಿಗೆ ಇಲ್ಲ. ಯಾರಿಗೆ ಇದೆ? ಯಾರಿಗೆ ಇಲ್ಲ? ಯಾಕೆ ಇಲ್ಲ? ಈ ಲೇಖನ ಆ ಪ್ರಶ್ನೆಯ ಹಿಂದೆ ಹೋದ ನಮ್ಮ ಅನುಭವ ಮತ್ತು ನಮಗೆ ದಕ್ಕಿದ ಇತಿಹಾಸ.

ಅಲುಗಾಡದೆ ಕುಳಿತ ಕಾಲ

ಛಾಯಾಚಿತ್ರಣದ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿಗೆ ಬಹಿರಂಗಪಡಿಸಿದ್ದು 1839 ರ ಆಗಸ್ಟ್ 19 ರಂದು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಮೂಡುತ್ತಿದ್ದ ಆ ಚಿತ್ರಕ್ಕೆ ಅದನ್ನು ಕಂಡುಹಿಡಿದ ಡಗೇರ್‌ನ ಹೆಸರೇ ಬಂತು. ಅದಕ್ಕೆ ಪ್ರತಿ ಇರಲಿಲ್ಲ, ಒಂದು ಚಿತ್ರವೆಂದರೆ ಒಂದೇ. 1851 ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಸವರಿ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದ. ಗಾಜಿನಿಂದ ಎಷ್ಟು ಪ್ರತಿಗಳನ್ನಾದರೂ ಕಾಗದಕ್ಕೆ ಇಳಿಸಬಹುದಾಗಿತ್ತು. ಆ ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿ ಲೋಳೆಯನ್ನು ಸವರುತ್ತಿದ್ದರು. ನಾವಿಂದು ನೋಡುವ ಕಂದು ಬಣ್ಣದ ಹಳೆಯ ಚಿತ್ರಗಳಲ್ಲಿ ಹೆಚ್ಚಿನವು ಹಾಗೆ ತಯಾರಾದವು.

ಆದರೆ ಕೆಲಸ ಸುಲಭವಿರಲಿಲ್ಲ. ಗಾಜಿಗೆ ದ್ರವ ಸವರಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಒಣಗುವ ಮೊದಲೇ ಕತ್ತಲ ಕೋಣೆಗೆ ಒಯ್ದು ತೊಳೆಯಬೇಕು. ಎಲ್ಲಕ್ಕೂ ಸಿಗುತ್ತಿದ್ದುದು ಹತ್ತು ಹದಿನೈದು ನಿಮಿಷ. ಊರಿಂದೂರಿಗೆ ಹೋಗುವ ಛಾಯಾಗ್ರಾಹಕ ಗುಡಾರ, ಗಾಜು, ಔಷಧದ ಬಾಟಲಿ, ನೀರು ಎಲ್ಲವನ್ನೂ ಹೊತ್ತೇ ಹೋಗಬೇಕಿತ್ತು. ಎದುರಿಗೆ ಕುಳಿತವರು ಹಲವು ಸೆಕೆಂಡುಗಳ ಕಾಲ ಅಲುಗಾಡುವಂತಿರಲಿಲ್ಲ. ಅದಕ್ಕಾಗಿ ಬೆನ್ನಹಿಂದೆ ಕಬ್ಬಿಣದ ಊರೆಯೊಂದನ್ನು ನಿಲ್ಲಿಸಿ ತಲೆಗೆ ಆಧಾರ ಕೊಡುತ್ತಿದ್ದರು. ನಮ್ಮ ಹಿರಿಯರ ಚಿತ್ರಗಳಲ್ಲಿ ಯಾರೂ ನಗದೆ ಇರುವುದಕ್ಕೆ ಇದೂ ಒಂದು ಕಾರಣ.

ನಾವೂ ಈ ನಿಯಮವನ್ನು ಪಾಲಿಸುತ್ತೇವೆ. ಕ್ಯಾಮರಾದ ಕಣ್ಣನ್ನು ಎಂಟು ಸೆಕೆಂಡು ತೆರೆದಿಡುತ್ತೇವೆ. ಬೇಕೆಂದರೆ ನೀವೂ ಪರೀಕ್ಷಿಸಿ ನೋಡಿ. ಎಂಟು ಸೆಕೆಂಡು ರೆಪ್ಪೆ ಮಿಟುಕಿಸದೆ ಒಂದೇ ಕಡೆ ನೋಡುತ್ತಾ ಕುಳಿತರೆ ಮುಖದಲ್ಲಿದ್ದ ನಟನೆಯೆಲ್ಲ ಇಳಿದುಹೋಗುತ್ತದೆ. ನಗು ನಿಲ್ಲುವುದಿಲ್ಲ, ಗತ್ತು ನಿಲ್ಲುವುದಿಲ್ಲ. ಉಳಿಯುವುದು ಆ ಮನುಷ್ಯ ಮಾತ್ರ. ಹಳೆಯ ಭಾವಚಿತ್ರಗಳ ಮುಂದೆ ನಾವು ಇಂದಿಗೂ ಸ್ವಲ್ಪ ಹೊತ್ತು ನಿಂತುಬಿಡುವುದು ಇದಕ್ಕೇ ಇರಬೇಕು.

ಗೆಳೆಯರನ್ನು ಕೂರಿಸಿದ ಅಜ್ಜಿ

ಗೆಳೆಯರಿಗೆ, ಮನೆಯವರಿಗೆ ವೇಷ ತೊಡಿಸಿ ಚಿತ್ರ ತೆಗೆಯುವ ಹವ್ಯಾಸ ಹೊಸದಲ್ಲ. ಅದು ವಿಕ್ಟೋರಿಯಾ ಕಾಲದ್ದೇ. ಅದರಲ್ಲಿ ಬಹಳ ಹೆಸರಾದವರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. 1815 ರಲ್ಲಿ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ. 1863 ರ ಕೊನೆಯಲ್ಲಿ ಮಗಳು ಮತ್ತು ಅಳಿಯ ಆಕೆಗೊಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಗ ಆಕೆಗೆ 48 ವರ್ಷ. ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡರು, ಕಲ್ಲಿದ್ದಲು ತುಂಬುವ ಕೋಣೆ ಕತ್ತಲ ಕೋಣೆಯಾಯಿತು. ಕವಿ ಟೆನ್ನಿಸನ್, ವಿಜ್ಞಾನಿ ಡಾರ್ವಿನ್ ಮುಂತಾದವರು ಆಕೆಯ ಎದುರು ಕುಳಿತರು. ಮನೆಕೆಲಸದ ಮೇರಿ ಹಿಲಿಯರ್ ಎಂಬ ಹುಡುಗಿ ಆಕೆಯ ಚಿತ್ರಗಳಲ್ಲಿ ಮತ್ತೆ ಮತ್ತೆ ಯೇಸುವಿನ ತಾಯಿಯ ಪಾತ್ರ ವಹಿಸಿದಳು. ಗಂಡನೂ ಗಡ್ಡ ಇಳಿಬಿಟ್ಟು ಹಳೆಯ ಕಥೆಯ ಮಾಂತ್ರಿಕನಾದ.

1875 ರಲ್ಲಿ ಕ್ಯಾಮರಾನ್ ದಂಪತಿ ಸಿಲೋನಿಗೆ ಹೋದರು. 1879 ರಲ್ಲಿ ಆಕೆ ತೀರಿಕೊಂಡದ್ದು ಅಲ್ಲಿಯೇ. ಸಿಲೋನಿನಲ್ಲೂ ಆಕೆ ಚಿತ್ರ ತೆಗೆದರು. ಆ ಚಿತ್ರಗಳಲ್ಲಿ ತೋಟದ ಕೂಲಿಕಾರರು, ಹಳ್ಳಿಯ ಜನರು ಇದ್ದಾರೆ. ಇಂಗ್ಲೆಂಡಿನ ಮನೆಗೆಲಸದವಳ ಹೆಸರು ನೂರೈವತ್ತು ವರ್ಷಗಳ ಮೇಲೂ ನಮಗೆ ಗೊತ್ತು. ಸಿಲೋನಿನಲ್ಲಿ ಅದೇ ಕ್ಯಾಮರಾದ ಮುಂದೆ ನಿಂತವರು ಬರೀ 'ರೈತರು', 'ಹೆಂಗಸು' ಎಂದು ಉಳಿದರು. ಚಿತ್ರ ತೆಗೆದ ಕೈ ಅದೇ, ಕಣ್ಣೂ ಅದೇ. ಸಮುದ್ರ ದಾಟಿದ ಮೇಲೆ ಹೆಸರು ಬರೆದಿಡುವ ಅಗತ್ಯ ಕಾಣಲಿಲ್ಲ, ಅಷ್ಟೆ.

ಜನರ ಪಟ್ಟಿ

ಭಾರತದಲ್ಲಿ ಈ ಹೆಸರಳಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬೊಂಬಾಯಿಯಲ್ಲಿ ಛಾಯಾಚಿತ್ರಗಾರರ ಸಂಘ ಶುರುವಾದದ್ದು 1854 ರಲ್ಲಿ. ಅದರ ಮೊದಲಿಗರಲ್ಲಿ ಒಬ್ಬನಾದ ವಿಲಿಯಂ ಜಾನ್ಸನ್ 1863 ಮತ್ತು 1866 ರಲ್ಲಿ ಬೊಂಬಾಯಿಯ ನಾನಾ ಜನಾಂಗಗಳ ಚಿತ್ರಗಳನ್ನು ಎರಡು ಸಂಪುಟಗಳಲ್ಲಿ ಹೊರತಂದ. ಅವನು ಜನರನ್ನು ಒಂದು ಕಡೆ ನಿಲ್ಲಿಸಿ ಚಿತ್ರ ತೆಗೆದು, ಆಮೇಲೆ ಬೇರೆ ಕಡೆ ತೆಗೆದ ಊರು, ಕಟ್ಟಡ, ಸಮುದ್ರತೀರದ ಚಿತ್ರಗಳ ಮೇಲೆ ಅವರನ್ನು ಕೂಡಿಸುತ್ತಿದ್ದ. ಇಂದು ಕಂಪ್ಯೂಟರಿನಲ್ಲಿ ಮಾಡುವುದನ್ನು ಅವನು ಕತ್ತರಿ ಮತ್ತು ಗಾಜಿನಿಂದ ಮಾಡಿದ. ನೋಡಿದವರಿಗೆ ಅವರೆಲ್ಲ ತಮ್ಮ ತಮ್ಮ ಬೀದಿಯಲ್ಲೇ ನಿಂತಿದ್ದಾರೆ ಎನ್ನಿಸಬೇಕು.

ಇನ್ನೂ ದೊಡ್ಡ ಕೆಲಸ ಸರಕಾರದ್ದು. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತು ಅವನ ಹೆಂಡತಿ ನೆನಪಿಗಾಗಿ ಕೂಡಿಹಾಕಿಸಲು ಹೊರಟ ಚಿತ್ರಗಳು 1857 ರ ದಂಗೆಯ ನಂತರ ಸರಕಾರಿ ಯೋಜನೆಯಾದವು. ಆಳಬೇಕಾದ ಜನ ಯಾರೆಂದು ತಿಳಿದಿರಬೇಕಲ್ಲ! ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ಕೇ ಅವರ ಸಂಪಾದಕತ್ವದಲ್ಲಿ 'ಭಾರತದ ಜನರು' ಎಂಬ ಅರ್ಥದ ಹೆಸರಿನಲ್ಲಿ 1868 ರಿಂದ 1875 ರ ನಡುವೆ ಎಂಟು ಸಂಪುಟಗಳು ಬಂದವು. ನಾಲ್ಕುನೂರಕ್ಕೂ ಹೆಚ್ಚು ಚಿತ್ರಗಳನ್ನು ಅವುಗಳಲ್ಲಿ ಅಂಟಿಸಲಾಗಿತ್ತು. ಹೆಚ್ಚಿನ ಚಿತ್ರಗಳ ಕೆಳಗೆ ಜಾತಿ, ಪಂಗಡ, ಪ್ರದೇಶದ ಹೆಸರಿದೆ. ಜತೆಗೆ ಆ ಪಂಗಡದವರು ನಂಬಿಕಸ್ಥರೋ ಅಲ್ಲವೋ, ಶಾಂತರೋ ಜಗಳಗಂಟರೋ ಎಂಬ ಟಿಪ್ಪಣಿ. ಅದೇ ಕಾಲದಲ್ಲಿ, 1871 ರಲ್ಲಿ, ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದು ಸಾರುವ ಕಾನೂನು ಬಂದದ್ದು ಕಾಕತಾಳೀಯವಲ್ಲ. ಒಬ್ಬನ ಮುಖ ನೋಡಿ ಅವನ ಇಡೀ ಕುಲದ ಗುಣ ಹೇಳಬಹುದೆಂಬ ನಂಬಿಕೆಯೇ ಎರಡಕ್ಕೂ ತಳಹದಿ.

ವಿಜ್ಞಾನದ ಹೆಸರಿನಲ್ಲಿ ಇದು ಇನ್ನೂ ಮುಂದೆ ಹೋಯಿತು. 1869 ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಎರಡೆರಡು ಅಂಗುಲದ ಚೌಕಗಳಿರುವ ದಾರದ ಬಲೆಯ ಮುಂದೆ ಮನುಷ್ಯರನ್ನು ಬೆತ್ತಲೆ ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ಸೂಚಿಸಿದ. ಚೌಕಗಳನ್ನು ಎಣಿಸಿದರೆ ಮೈಯ ಅಳತೆ ಸಿಗುತ್ತದೆ. ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ ಅಲ್ಲಿನ ಮೂಲನಿವಾಸಿಗಳನ್ನು ಇಂತಹದೇ ಚೌಕುಳಿ ಪರದೆಯ ಮುಂದೆ ನಿಲ್ಲಿಸಿದ. ಸಂತೆಯಲ್ಲಿ ದನವನ್ನು ನೋಡುವಂತೆ ಮನುಷ್ಯನನ್ನು ನೋಡುವುದಕ್ಕೆ ಆಗ ವಿದ್ಯೆ ಎಂಬ ಹೆಸರಿತ್ತು.

ಸೈಯದ್ ಮಹಮೂದ್ ಕೊಟ್ಟ ಉತ್ತರ

ಈ ಸಂಪುಟಗಳನ್ನು ನೋಡಿದ ಭಾರತೀಯರಿಗೆ ಏನನ್ನಿಸಿತು? ಒಂದು ದಾಖಲೆ ಉಳಿದಿದೆ. ಸರ್ ಸೈಯದ್ ಅಹ್ಮದ್ ಖಾನ್ 1869 ರಲ್ಲಿ ಇಬ್ಬರು ಮಕ್ಕಳೊಂದಿಗೆ ಲಂಡನ್ನಿಗೆ ಹೋದರು. ಅಲ್ಲಿ ಇಂಡಿಯಾ ಆಫೀಸಿನಲ್ಲಿ ಈ ಸಂಪುಟವನ್ನು ನೋಡಿದರು. ಭಾರತಕ್ಕೆ ಅಧಿಕಾರಿಗಳಾಗಿ ಬರಲಿದ್ದ ತರುಣ ಆಂಗ್ಲರು ಇದೇ ಪುಸ್ತಕವನ್ನು ತಿರುವಿಹಾಕುತ್ತಾರೆ, ನಮ್ಮ ಬಗ್ಗೆ ಅವರಿಗೆ ಯಾವ ಅಭಿಪ್ರಾಯ ಮೂಡೀತು ಎಂದು ಅವರು ಊರಿಗೆ ಬರೆದ ಪತ್ರದಲ್ಲಿ ನೊಂದುಕೊಂಡರು. ಅದೇ ಪತ್ರದಲ್ಲಿ ಒಂದು ಘಟನೆಯನ್ನೂ ಹೇಳಿದರು. ಮಗ ಸೈಯದ್ ಮಹಮೂದ್ ಪುಸ್ತಕದ ಪುಟ ತಿರುವುತ್ತಿದ್ದಾಗ ತರುಣ ಆಂಗ್ಲನೊಬ್ಬ ಬಳಿಗೆ ಬಂದು, ನೀವು ಹಿಂದೂಸ್ತಾನಿಯೇ ಎಂದು ಕೇಳಿದ. ಮಹಮೂದ್ ಹೌದೆಂದ. ಆದರೆ ಅವನ ಮುಖ ಕೆಂಪಾಯಿತು. ತಾನು ಅಲ್ಲಿನ ಮೂಲನಿವಾಸಿಗಳ ಪೈಕಿ ಅಲ್ಲ, ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರು ಎಂದು ಅವಸರದಲ್ಲಿ ಸೇರಿಸಿದ.

ಮುಂದೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯಾದ ಪ್ರತಿಭಾವಂತ ಈತ. ಈ ಘಟನೆಯನ್ನು ನಾವು ಗೆಳೆಯರು ಬಹಳ ಸಲ ಚರ್ಚಿಸಿದ್ದೇವೆ. ಅವನ ಅವಮಾನ ನಮಗೆ ಅರ್ಥವಾಗುತ್ತದೆ. ಆದರೆ ಅವನ ಉತ್ತರ? ಚಿತ್ರದಲ್ಲಿದ್ದವರನ್ನು ಹೀಗೆ ತೋರಿಸಿದ್ದು ತಪ್ಪು ಎಂದು ಅವನು ಹೇಳಲಿಲ್ಲ. ನಾನು ಅವರಲ್ಲ ಎಂದ. ಹಗ್ಗ ಹಿಡಿದವನನ್ನು ಬಿಟ್ಟು ಕಟ್ಟಿಸಿಕೊಂಡವನಿಂದ ದೂರ ಸರಿದ. ನಮ್ಮ ಸಮುದಾಯದಲ್ಲಾಗಲಿ, ಬೇರೆ ಸಮುದಾಯಗಳಲ್ಲಾಗಲಿ, ಅವಮಾನವಾದಾಗ ನಮ್ಮ ಬಾಯಿಂದ ಮೊದಲು ಬರುವುದು ಇದೇ ಮಾತಲ್ಲವೇ? ನಾವು ಅಂಥವರಲ್ಲ, ಅವರು ಬೇರೆ, ನಾವು ಬೇರೆ.

ನಮ್ಮ ಘಟ್ಟದ ಸಂಗತಿ

ಈಗ ನಮ್ಮೂರಿಗೆ ಬರೋಣ. ಉತ್ತರ ಕನ್ನಡ 1862 ರವರೆಗೆ ಮದರಾಸು ಪ್ರಾಂತ್ಯದಲ್ಲಿತ್ತು. ಆ ವರ್ಷ ಅದನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಆ ಪ್ರಾಂತ್ಯದ ಗೆಝೆಟಿಯರಿನ ಕನ್ನಡ ಜಿಲ್ಲೆಯ ಸಂಪುಟ, ಹದಿನೈದನೆಯದು, 1883 ರಲ್ಲಿ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬಗ್ಗೆ ಬರೆಯುವ ಯಾರೂ ಅದನ್ನು ಬಿಟ್ಟು ಬರೆಯುವಂತಿಲ್ಲ, ಅಷ್ಟು ಮಾಹಿತಿ ಅದರಲ್ಲಿದೆ. ಹವ್ಯಕರು, ಹಾಲಕ್ಕಿಗಳು, ನವಾಯತರು, ಸಿದ್ದಿಯರು ಎಲ್ಲರ ಬಗ್ಗೆಯೂ ಮೈಕಟ್ಟು, ಉಡುಗೆ, ಊಟ, ಕಸುಬು ಎಂದು ವರ್ಣನೆಯಿದೆ. ಅದು ಅಕ್ಷರದಲ್ಲಿ ಬರೆದ ಭಾವಚಿತ್ರ. ಅದರ ಕ್ರಮವೂ ಆ ಎಂಟು ಸಂಪುಟಗಳದ್ದೇ. ಪಂಗಡ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಸಿದ್ದಿಯರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಫ್ರಿಕದಿಂದ, ಹೆಚ್ಚಾಗಿ ಪೋರ್ಚುಗೀಸರ ಗೋವೆಯ ಮೂಲಕ, ಗುಲಾಮರಾಗಿ ಬಂದವರ ಸಂತತಿ ಇವರು. ಯಜಮಾನರಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿಯ ಕಾಡುಗಳಲ್ಲಿ ನೆಲೆಸಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿ ಬಾರಿಸುವಾಗ ಮೂವರೂ ಒಂದೇ. ಅವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳ ಪ್ರದರ್ಶನಗಳಿಗೆ ಹೋಗಿವೆ.

ಇದೇ ದಖ್ಖನಿನಲ್ಲಿ ಆಫ್ರಿಕದಿಂದ ಬಂದವರಿಗೆ ಬೇರೆ ಸ್ಥಾನವೂ ಇತ್ತು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹ್ಮದ್‌ನಗರದ ಸರ್ವಾಧಿಕಾರಿಯಾಗಿ ಬೆಳೆದ ಮಲಿಕ್ ಅಂಬರ್ 1626 ರಲ್ಲಿ ತೀರಿಕೊಂಡ. ಹಾಶಿಂ ಎಂಬ ಚಿತ್ರಕಾರ ಬರೆದ ಅವನ ಭಾವಚಿತ್ರ ಉಳಿದಿದೆ. ಬಿಳಿಯ ಅಂಗಿ ತೊಟ್ಟು ಗಂಭೀರವಾಗಿ ನಿಂತ ವೃದ್ಧ. ಅವನನ್ನು ಸೋಲಿಸಲಾಗದ ಜಹಾಂಗೀರ್ ಬಾದಶಹ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿಕೊಂಡ. ಹಾಗೆ ನಡೆದೇ ಇರಲಿಲ್ಲ. ಚಿತ್ರಕ್ಕೆ ಗೌರವ ಕೊಡುವ ಶಕ್ತಿಯೂ ಇದೆ, ಸುಳ್ಳು ಹೇಳುವ ಶಕ್ತಿಯೂ ಇದೆ. ಅದು ಕ್ಯಾಮರಾ ಹುಟ್ಟುವ ಎಷ್ಟೋ ಮೊದಲೇ ತಿಳಿದಿದ್ದ ಸಂಗತಿ.

ಸ್ವಾತಂತ್ರ್ಯ ಬಂದ ಮೇಲೂ ಮೈ ನೋಡುವ ಚಾಳಿ ಹೋಗಲಿಲ್ಲ. 1980 ರ ದಶಕದಲ್ಲಿ ಕೇಂದ್ರ ಸರಕಾರದ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ತಯಾರು ಮಾಡಲು ಆರಿಸಿಕೊಂಡು ಹೋಯಿತು. ಆಫ್ರಿಕದ ಮೈಕಟ್ಟು ಪದಕ ತರುತ್ತದೆಂಬ ಲೆಕ್ಕಾಚಾರ. ಕೆಲವರು ಗೆದ್ದರು, ಹೆಸರು ಮಾಡಿದರು. 1990 ರ ದಶಕದಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003 ರವರೆಗೆ ಕಾಯಬೇಕಾಯಿತು. ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020 ರಲ್ಲಿ. ಸಿದ್ದಿಯರಿಂದ ಅಲ್ಲಿಗೆ ಹೋದ ಮೊದಲಿಗರು ಅವರು.

ನಾವು ಮಾಡಿದ ತಪ್ಪು

ಇಷ್ಟೆಲ್ಲ ಓದಿಕೊಂಡಿದ್ದೂ ನಾವು ಎಡವಿದೆವು. ಒಂದು ವರ್ಷ ಆ ಚೌಕುಳಿ ಪರದೆಯ ಚಿತ್ರವನ್ನು ಮರಳಿ ತೆಗೆಯೋಣ ಎಂದು ನಿಶ್ಚಯಿಸಿದೆವು. ಆ ಕಾಲದ ಕ್ರೌರ್ಯವನ್ನು ತೋರಿಸುವುದು ನಮ್ಮ ಉದ್ದೇಶವಾಗಿತ್ತು. ಚೌಕುಳಿ ಬಟ್ಟೆ ತಂದು ಗೋಡೆಗೆ ಕಟ್ಟಿದೆವು. ನಮ್ಮ ಗುಂಪಿನಲ್ಲಿ ಯಲ್ಲಾಪುರದ ಸಿದ್ದಿ ಗೆಳೆಯನೊಬ್ಬನಿದ್ದಾನೆ. ನಮ್ಮಲ್ಲೊಬ್ಬರು ಏನೂ ಯೋಚಿಸದೆ, "ನೀನು ನಿಂತ್ರೆ ಸರಿಯಾಗ್ತದೆ ಮಾರಾಯ" ಎಂದರು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಸಿಟ್ಟಿಲ್ಲದೆ ಕೇಳಿದ: "ನಾನೇ ಯಾಕೆ? ಇಷ್ಟು ಜನ ಇದ್ದೀರಲ್ಲ, ನೀವ್ಯಾರಾದ್ರೂ ನಿಲ್ಲಿ."

ಯಾರೂ ಏಳಲಿಲ್ಲ. ಅಂದು ಚಿತ್ರ ತೆಗೆಯಲಿಲ್ಲ. ಚಹಾ ಕುಡಿದು ಬೇಗನೆ ಹೊರಟುಬಿಟ್ಟೆವು. ದಾರಿಯಲ್ಲಿ ನಮಗೆ ಸೈಯದ್ ಮಹಮೂದ್ ನೆನಪಾದ. ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರೆನ್ನುವುದು ಅವನಿಗೆ ಗೌರವದ ಮಾತಾಗಿತ್ತು. ನಮ್ಮ ಗೆಳೆಯನ ಪೂರ್ವಿಕರೂ ಬೇರೆ ದೇಶದಿಂದ ಬಂದವರೇ. ಆದರೆ ಅವನಿಗೆ ಅದೇ ಮಾತು ಪ್ರತಿದಿನ ಬಸ್ಸಿನಲ್ಲಿ, ಕಚೇರಿಯಲ್ಲಿ ಎದುರಾಗುವ ಪ್ರಶ್ನೆ: ನೀವು ಯಾವ ದೇಶದವರು? ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತಿರಿ? ನಾಲ್ಕುನೂರು ವರ್ಷಗಳಿಂದ ಇದೇ ಘಟ್ಟದಲ್ಲಿರುವವನಿಗೆ ಈ ಪ್ರಶ್ನೆ!

ಬೆಂಗಳೂರಿನ ಒಂದು ಉತ್ತರ

ನಮ್ಮ ಎಡವಟ್ಟಿಗೆ ಉತ್ತರ ಹುಡುಕುವಾಗ ಕಣ್ಣಮುಂದೆ ಬಂದದ್ದು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಕೆಲಸ. 1956 ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಮೊದಲು ಶಿಲ್ಪಿ. 1990 ರ ದಶಕದಿಂದ ತಾವೇ ವೇಷ ತೊಟ್ಟು ಕ್ಯಾಮರಾದ ಮುಂದೆ ನಿಲ್ಲತೊಡಗಿದರು. 2000 ದಿಂದ 2004 ರವರೆಗೆ, ಬೆಂಗಳೂರಿನಲ್ಲೇ ನೆಲೆಸಿದ ಛಾಯಾಗ್ರಾಹಕಿ ಕ್ಲೇರ್ ಅರ್ನಿ ಅವರೊಂದಿಗೆ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಒಂದು ಚಿತ್ರಮಾಲೆ ಮಾಡಿದರು. ಅದರ ಹೆಸರೇ ವಿಕ್ಟೋರಿಯಾ ಕಾಲದ ಪುಸ್ತಕದ ಹೆಸರಿನಂತಿದೆ: 'ದಕ್ಷಿಣ ಭಾರತದ ದೇಶೀ ಹೆಂಗಸರು: ಆಚಾರ ಮತ್ತು ಪದ್ಧತಿಗಳು'. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅದಕ್ಕೆ ನೆರವು ನೀಡಿತು.

ಈ ಮಾಲೆಯಲ್ಲಿ ರಾಜಾ ರವಿವರ್ಮನ ಬೆಳದಿಂಗಳ ಹೆಂಗಸು ಇದ್ದಾಳೆ, ಲಕ್ಷ್ಮಿ ಇದ್ದಾಳೆ. ಬಿಜಾಪುರದ ಹಳೆಯ ಸೂಕ್ಷ್ಮಚಿತ್ರದ ಯೋಗಿನಿ ಇದ್ದಾಳೆ. ವೇಲಾಂಕಣಿಯ ಮಾತೆ ಇದ್ದಾಳೆ. ಸಿನಿಮಾದ ಚಾಟಿ ಹಿಡಿದ ನಾಯಕಿ ಇದ್ದಾಳೆ. ಪತ್ರಿಕೆಯಲ್ಲಿ ಬಂದ, ಪೊಲೀಸರು ಹಿಡಿದ ಇಬ್ಬರು ಹೆಂಗಸರ ಚಿತ್ರವಿದೆ. ಚೌಕುಳಿ ಪರದೆಯ ಮುಂದೆ ಅಳತೆಗೆ ನಿಂತ ತೋಡ ಹೆಂಗಸೂ ಇದ್ದಾಳೆ. ಎಲ್ಲದರಲ್ಲೂ ಇರುವುದು ಪುಷ್ಪಮಾಲಾ ಅವರೇ. ದೇವಿಯೂ ಅವರೇ, ಕಳ್ಳಿಯೂ ಅವರೇ. ಬಣ್ಣದ ಪರದೆ, ತಗಡಿನ ಆಭರಣ, ಕಟ್ಟಿ ನಿಲ್ಲಿಸಿದ ರಂಗಸಜ್ಜಿಕೆ, ಇವುಗಳನ್ನು ಅವರು ಮುಚ್ಚಿಡುವುದಿಲ್ಲ. ತಯಾರಿ ಹೇಗೆ ನಡೆಯಿತೆಂಬುದರ ಚಿತ್ರಗಳೂ ಮಾಲೆಯ ಭಾಗವೇ ಆಗಿವೆ. ಜಾನ್ಸನ್ ಬಚ್ಚಿಟ್ಟ ಕತ್ತರಿಯನ್ನು ಇವರು ಮೇಜಿನ ಮೇಲೆ ಇಟ್ಟು ತೋರಿಸಿದರು.

ಒಂದೇ ಮುಖ ಇಷ್ಟೆಲ್ಲ 'ಜಾತಿ'ಗಳಾಗಬಲ್ಲದಾದರೆ, ಮುಖ ನೋಡಿ ಜಾತಿ ಹೇಳುವ ವಿದ್ಯೆಯ ಗತಿಯೇನು? ನಮಗೆ ಇದಕ್ಕಿಂತ ಮುಖ್ಯವಾಗಿ ತಾಗಿದ್ದು ಇನ್ನೊಂದು ಸಂಗತಿ. ಅಳತೆಯ ಪರದೆಯ ಮುಂದೆ ಅವರು ಬೇರೊಬ್ಬರನ್ನು ನಿಲ್ಲಿಸಲಿಲ್ಲ. ತಾವೇ ಹೋಗಿ ನಿಂತರು. ನಮ್ಮ ಗೆಳೆಯ ಹೇಳಿದ್ದೂ ಇದನ್ನೇ ಅಲ್ಲವೇ?

ಮರುವರ್ಷ ಅದೇ ಬಟ್ಟೆಯನ್ನು ಮತ್ತೆ ಕಟ್ಟಿದೆವು. ಹಿಂದಿನ ವರ್ಷ ಆ ಮಾತು ಆಡಿದವರೇ ಅಂಗಿ ಕಳಚಿ ಅದರ ಮುಂದೆ ನಿಂತರು. ಅಳತೆ ಕೋಲು ಹಿಡಿದದ್ದು ಯಲ್ಲಾಪುರದ ಗೆಳೆಯ. ಎಂಟು ಸೆಕೆಂಡು ಮುಗಿದ ಮೇಲೆ ಅವರು ಅಂಗಿ ಹಾಕಿಕೊಳ್ಳುತ್ತಾ, "ನೀವೆಲ್ಲ ನನ್ನ ಹೊಟ್ಟೆ ನೋಡ್ತಾ ಇದ್ರಿ, ಮುಖ ಯಾರೂ ನೋಡ್ಲಿಲ್ಲ" ಎಂದರು. ನಕ್ಕೆವು, ನಿಜ. ಆದರೆ ಆ ಮಾತು ಸಣ್ಣದಲ್ಲ.

ಹಡಗಿನ ಹೆಸರು ಹೊತ್ತವಳು

ಯಲ್ಲಾಪುರದ ಗೆಳೆಯನ ತಂಗಿಗೆ ನಮ್ಮ ಈ ಆಟದ ಬಗ್ಗೆ ಮೊದಲಿನಿಂದಲೂ ಕುತೂಹಲ. "ನಮ್ಮಂಥೋರ್ದು ಒಳ್ಳೆ ಫೋಟೊ ಆ ಕಾಲದ್ದು ಒಂದೂ ಇಲ್ವಾ ಅಣ್ಣ?" ಎಂದು ಅವಳು ಕೇಳಿದಳು. ಇದೆ ಎಂದು ನಾವು ತೋರಿಸಿದ್ದು ಸಾರಾ ಫೋರ್ಬ್ಸ್ ಬೊನೆಟ್ಟಾಳ ಚಿತ್ರ.

ಪಶ್ಚಿಮ ಆಫ್ರಿಕದ ಯೊರುಬಾ ಕುಲದ ಹುಡುಗಿ ಅವಳು. ದಹೋಮಿಯ ದೊರೆಯ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡು ಸೆರೆಯಾದವಳು. 1850 ರಲ್ಲಿ ಫೋರ್ಬ್ಸ್ ಎಂಬ ಇಂಗ್ಲಿಷ್ ನೌಕಾಧಿಕಾರಿ ಅವಳನ್ನು ವಿಕ್ಟೋರಿಯಾ ರಾಣಿಗೆ 'ಉಡುಗೊರೆ'ಯಾಗಿ ಕರೆತಂದ. ರಾಣಿ ಅವಳನ್ನು ಓದಿಸಿದಳು. 1862 ರಲ್ಲಿ ಅವಳಿಗೆ ಜೇಮ್ಸ್ ಡೇವಿಸ್ ಎಂಬ ಆಫ್ರಿಕದ ವ್ಯಾಪಾರಿಯೊಂದಿಗೆ ಮದುವೆಯಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಕಮಿಲ್ ಸಿಲ್ವಿ ಎಂಬ ಫ್ರೆಂಚ್ ಛಾಯಾಗ್ರಾಹಕ ದಂಪತಿಯ ಚಿತ್ರಗಳನ್ನು ತೆಗೆದ. ನೆರಿಗೆಗಳ ಅಗಲವಾದ ನಿಲುವಂಗಿ, ನೆಟ್ಟಗೆ ನಿಂತ ನಿಲುವು, ಯಾರಿಗೂ ಬಾಗದ ನೋಟ. ಸಿಲ್ವಿ ತನ್ನ ಸ್ಟುಡಿಯೋಗೆ ಬಂದವರ ಹೆಸರನ್ನು ದಿನಚರಿ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಆ ಪುಸ್ತಕಗಳು ಇಂದಿಗೂ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿವೆ. 'ಭಾರತದ ಜನರು' ಸಂಪುಟಗಳಿಗೆ ಚಿತ್ರಗಳು ಕೂಡುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಸಾಮ್ರಾಜ್ಯದ ರಾಜಧಾನಿಯಲ್ಲಿ, ಹೀಗೂ ಆಗುತ್ತಿತ್ತು. ಹಣ ಕೊಟ್ಟು ಕುಳಿತವರಿಗೆ ಹೆಸರು, ಹಿಡಿದು ನಿಲ್ಲಿಸಿದವರಿಗೆ ಜಾತಿ.

ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಬೊನೆಟ್ಟಾ ಎಂದರೇನು ಎಂದು ಕೇಳಿದಳು. ಅದು ಆಕೆಯನ್ನು ಕರೆತಂದ ಹಡಗಿನ ಹೆಸರು, ಫೋರ್ಬ್ಸ್ ಎಂಬುದು ಕಪ್ತಾನನ ಹೆಸರು ಎಂದೆವು. "ಹಾಗಾದ್ರೆ ಅವಳ ಹೆಸರೂ ಅವಳದ್ದಲ್ಲ" ಎಂದಳು. ನಮಗೆ ಹೊಳೆಯದೆ ಇದ್ದದ್ದು ಅದು. ಹೆಸರು ಇದ್ದರೆ ಸಾಲದು, ಅದನ್ನು ಕೊಟ್ಟವರು ಯಾರೆಂಬ ಪ್ರಶ್ನೆಯೂ ಇದೆ.

ಆದರೂ ಅವಳು ಕುಳಿತಳು. ದರ್ಜಿಯವರು ಹಳೆಯ ಬಿಳಿ ಪರದೆ ಬಟ್ಟೆಯಲ್ಲಿ ನಿಲುವಂಗಿ ಹೊಲಿದರು. ಒಂದು ಷರತ್ತು ಮಾತ್ರ ಅವಳದ್ದು: ಕುರ್ಚಿಯ ಮೇಲೆ ಅವಳ ಅಜ್ಜಿ ಹೊಲಿದ ಕೌದಿ ಇರಬೇಕು, ಚಿತ್ರದ ಕೆಳಗೆ ಅವಳ ಹೆಸರನ್ನು ಅವಳೇ ಬರೆಯಬೇಕು. ಹಾಗೆಯೇ ಆಯಿತು. ನಮ್ಮ ಇಷ್ಟು ವರ್ಷಗಳ ಚಿತ್ರಗಳಲ್ಲಿ ಮೂಲಕ್ಕೆ ಅತಿ ಕಡಿಮೆ ಹೋಲುವುದು ಅದೇ. ನಮಗೆಲ್ಲರಿಗೂ ಅತಿ ಪ್ರಿಯವಾದದ್ದೂ ಅದೇ.

ಚಿತ್ರವೇ ಇಲ್ಲದವರು

ಹೆಸರಿಲ್ಲದ ಚಿತ್ರಗಳ ಬಗ್ಗೆ ಹೇಳಿದೆವು. ಚಿತ್ರವೇ ಇಲ್ಲದ ಹೆಸರುಗಳೂ ಇವೆ. ನಮ್ಮ ಮನೆಗಳ ಎಷ್ಟೋ ಅಜ್ಜಿಯರು, ನಾನಿಯರು, ದಾದಿಯರು ಕ್ಯಾಮರಾದ ಮುಂದೆ ಬಂದದ್ದೇ ಇಲ್ಲ. ಮುಸ್ಲಿಮರಲ್ಲಿ ಚಿತ್ರದ ಬಗ್ಗೆ ಧಾರ್ಮಿಕ ಹಿಂಜರಿಕೆ ಇತ್ತು, ಪರದೆಯ ಪದ್ಧತಿಯೂ ಇತ್ತು. ಆದರೆ ಇದನ್ನೊಂದೇ ಕಾರಣ ಮಾಡುವುದು ಸರಿಯಲ್ಲ. ಈಜಿಪ್ಟಿನ ಸೇನಾಧಿಕಾರಿ ಮುಹಮ್ಮದ್ ಸಾದಿಕ್ 1861 ರಷ್ಟು ಹಿಂದೆಯೇ ಮದೀನಾದ ಛಾಯಾಚಿತ್ರ ತೆಗೆದಿದ್ದರು. ಲಖನೌದ ದಾರೋಗಾ ಅಬ್ಬಾಸ್ ಅಲಿ 1874 ರಲ್ಲಿ ಆ ಊರಿನ ಕಟ್ಟಡಗಳ ಚಿತ್ರಸಂಪುಟವನ್ನು ಹೊರತಂದರು. ಫೋಟೊ ಎಂದರೆ ಕನ್ನಡಿಯ ನೆರಳನ್ನು ಹಿಡಿದಿಟ್ಟಂತೆ, ಅದು ತಪ್ಪಲ್ಲ ಎಂದು ವಾದಿಸಿದ ವಿದ್ವಾಂಸರಿದ್ದರು, ಒಪ್ಪದವರೂ ಇದ್ದರು. ಹೈದರಾಬಾದಿನಲ್ಲಿ ನಿಜಾಮರ ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892 ರಲ್ಲಿ ಪರದೆಯ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಅಲ್ಲಿ ಚಿತ್ರ ತೆಗೆಯುತ್ತಿದ್ದವರು ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಬೇಕೆನ್ನುವವರಿಗೆ ದಾರಿ ಇತ್ತು, ಹಣವಿದ್ದರೆ ಮಾತ್ರ. ಘಟ್ಟದ ಹಳ್ಳಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಬಡವರ ಮನೆಯ ಹೆಂಗಸರ ಚಿತ್ರ ಇಲ್ಲದಿರುವುದಕ್ಕೆ ದೊಡ್ಡ ಕಾರಣ ಬಡತನವೇ.

1993 ರಲ್ಲಿ ಮತದಾರರ ಗುರುತಿನ ಚೀಟಿ ಬಂದಾಗ ಎಷ್ಟೋ ಅಜ್ಜಿಯರು ಮೊದಲ ಸಲ ಕ್ಯಾಮರಾದ ಮುಂದೆ ಕುಳಿತರು. ಕೆಲವರಿಗೆ ಹಜ್ ಯಾತ್ರೆಯ ಪಾಸ್‌ಪೋರ್ಟಿನ ಚಿತ್ರವೇ ಮೊದಲನೆಯದು. ತೀರಿಕೊಂಡಾಗ ಅದೇ ಅಂಚೆಚೀಟಿಯಷ್ಟು ಮುಖವನ್ನು ದೊಡ್ಡದು ಮಾಡಿಸಿ ಗೋಡೆಗೆ ತೂಗುಹಾಕಿದ್ದಾರೆ. ಸರಕಾರಕ್ಕೆ ಗುರುತು ಬೇಕಾದಾಗ ಮಾತ್ರ ಚಿತ್ರ! ನಮ್ಮ ಗುಂಪಿನ ಒಬ್ಬರು ತಮ್ಮ ಎಂದೂ ಚಿತ್ರ ತೆಗೆಸಿಕೊಳ್ಳದ ನಾನಿಯನ್ನು ನೆನೆದು ಒಂದು ಚಿತ್ರ ಮಾಡಿದರು. ತೋಳಿನ ಕುರ್ಚಿ, ಪಕ್ಕದಲ್ಲಿ ಸಣ್ಣ ಮೇಜು, ಮೇಜಿನ ಮೇಲೆ ಆಕೆಯ ಕನ್ನಡಕ ಮತ್ತು ಎಲೆ-ಅಡಿಕೆಯ ಡಬ್ಬಿ. ಕುರ್ಚಿ ಖಾಲಿ. ಎಂಟು ಸೆಕೆಂಡು ನಾವೆಲ್ಲ ಆ ಖಾಲಿ ಕುರ್ಚಿಯನ್ನು ನೋಡುತ್ತಾ ನಿಂತಿದ್ದೆವು.

ಇತಿಹಾಸವನ್ನು ತಿದ್ದಲು ನಮ್ಮಿಂದ ಆಗುವುದಿಲ್ಲ. ಆ ಎಂಟು ಸಂಪುಟಗಳಲ್ಲಿ ನಿಂತಿರುವವರ ಹೆಸರುಗಳು ಇನ್ನು ಸಿಗುವುದಿಲ್ಲ. ಆದರೆ ನಮ್ಮ ಕೈಯಲ್ಲಿರುವುದನ್ನು ಮಾಡಬಹುದು. ಇಂದು ಪ್ರತಿ ಜೇಬಿನಲ್ಲಿ ಕ್ಯಾಮರಾ ಇದೆ. ಪ್ರವಾಸಕ್ಕೆ ಬಂದವರು ಘಟ್ಟದ ಹಾಡಿಗಳಲ್ಲಿ ಕಾರು ನಿಲ್ಲಿಸಿ ಮಕ್ಕಳ ಚಿತ್ರ ತೆಗೆದು, ಹೆಸರು ಕೂಡ ಕೇಳದೆ ಹೋಗುವುದನ್ನು ನಾವು ನೋಡಿದ್ದೇವೆ. ಪೋರ್ಟ್‌ಮನ್ನನ ಚೌಕುಳಿ ಪರದೆ ಕಾಣದಿರಬಹುದು, ಅದು ಇಲ್ಲವೆಂದಲ್ಲ.

ಓದುಗರಲ್ಲಿ ನಮ್ಮದೊಂದು ಸಣ್ಣ ವಿನಂತಿ. ಮನೆಯ ಹಳೆಯ ಫೋಟೊಗಳನ್ನು ಒಮ್ಮೆ ಹೊರತೆಗೆಯಿರಿ. ಹಿರಿಯರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರು ಯಾರೆಂದು ಕೇಳಿ ಚಿತ್ರದ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮುಂಭಾಗಕ್ಕೆ ಸೋರುತ್ತದೆ. ಯಜಮಾನರ ಹೆಸರಷ್ಟೇ ಸಾಲದು. ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತ ಕೆಲಸದಾಕೆ, ಗಾಡಿ ಹೊಡೆಯುವವನು, ತೋಟದ ಆಳು ಇದ್ದರೆ ಅವರ ಹೆಸರನ್ನೂ ಕೇಳಿ ಬರೆಯಿರಿ. ಯಾರಿಗೂ ನೆನಪಿಲ್ಲವೆಂದರೆ ಊರಲ್ಲಿ ಅವರ ಮೊಮ್ಮಕ್ಕಳು ಇರುತ್ತಾರೆ. ಅವರ ಮನೆಗೆ ಚಿತ್ರ ಒಯ್ದು ತೋರಿಸಿ.